ಪುಟ್ಟ ಮಕ್ಕಳ ಜೊತೆ ದಸರಾ ಎಕ್ಸಿಬಿಷನ್‌ನಲ್ಲಿ ಒಂದು ಸಂಜೆ: ಮನೆ ಬಿಡುವುದರಿಂದ ಮಲಗಿಸುವ ತನಕ

ಮೊದಲ ಸಲ ನಾವು ಮಾಡಿದ್ದೆಲ್ಲ ತಪ್ಪು. ಆಯುಧಪೂಜೆಗೆ ಎರಡು ದಿನ ಮುಂಚಿನ ಭಾನುವಾರ. ಲೈಟೆಲ್ಲ ಹತ್ತಿದ ಮೇಲೆ ಹೋದರೆ ಚೆನ್ನಾಗಿರುತ್ತೆ ಅಂತ ಆರೂವರೆಗೆ ಮನೆ ಬಿಟ್ಟೆವು. ಗಾಡಿ ನಿಲ್ಲಿಸಲು ಜಾಗ ಸಿಗುವಷ್ಟರಲ್ಲಿ ಏಳೂಕಾಲು. ಟಿಕೆಟ್ ಸಾಲಿನಲ್ಲಿ ನಿಂತಾಗಲೇ ಮೂರು ವರ್ಷದ ಮಗ ನಮ್ಮನೆಯವರ ಹೆಗಲ ಮೇಲೆ ನಿದ್ದೆ ಹೋಗಿದ್ದ. ಆರು ವರ್ಷದ ಮಗಳಿಗೆ ವಿಪರೀತ ಹಸಿವು. ಒಳಗೆ ಹೋದ ತಕ್ಷಣ ಒಂದು ಪ್ಲೇಟ್ ಗೋಬಿ ಮಂಚೂರಿ ಕೊಡಿಸಿ, ಅಲ್ಲಿಂದ ನೇರ ಡ್ರ್ಯಾಗನ್ ರೈಲಿಗೆ ಹತ್ತಿಸಿದೆವು. ಆಮೇಲೆ ನನ್ನ ಚೂಡಿದಾರದ ಮೇಲೆ ಏನು ಬಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಎಂಟೂವರೆಗೆ ಆಟೋ ಸಿಗದೆ ರಸ್ತೆ ಬದಿಯಲ್ಲಿ ನಿಂತಿದ್ದಾಗ ಅತ್ತೆ ಒಂದೇ ಮಾತು ಹೇಳಿದರು: "ಸಂತೆಗೆ ಬಂದಿದ್ದು ನೀವೋ, ಮಕ್ಕಳೋ?"

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅದಾದ ಮೇಲೆ ಪ್ರತಿ ವರ್ಷ ಹೋಗುತ್ತಿದ್ದೇವೆ. ಈಗ ನಮ್ಮದೇ ಒಂದು ಕ್ರಮ ಇದೆ. ಮೈಸೂರಿನ ಎಕ್ಸಿಬಿಷನ್ ಇಟ್ಟುಕೊಂಡು ಬರೆದಿದ್ದೇನೆ, ಆದರೆ ಊರಿನ ಜಾತ್ರೆಗೂ, ಟಿಕೆಟ್ ತೆಗೆದು ಹೋಗುವ ದೊಡ್ಡ ಪಾರ್ಕಿಗೂ ಇದರಲ್ಲಿ ಮುಕ್ಕಾಲು ಪಾಲು ಒಗ್ಗುತ್ತದೆ.

ಹೊರಗಿನಿಂದ ಬರುವವರಿಗೆ ಎರಡು ಮಾತು. ದಸರಾ ವಸ್ತುಪ್ರದರ್ಶನ 1880ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ ಶುರುವಾಗಿದ್ದು. ಹೊಸ ಹೊಸ ವಸ್ತು, ಯಂತ್ರಗಳನ್ನು ಜನ ನೋಡಲಿ ಅನ್ನುವುದು ಆಗಿನ ಉದ್ದೇಶ. ಈಗ ಅರಮನೆ ಎದುರಿನ ದೊಡ್ಡಕೆರೆ ಮೈದಾನದಲ್ಲಿ ನಡೆಯುತ್ತದೆ. ದಸರಾ ಜೊತೆ ಶುರುವಾದರೆ ಸುಮಾರು ಮೂರು ತಿಂಗಳು ಇರುತ್ತದೆ. ಸರ್ಕಾರಿ ಇಲಾಖೆಗಳ ಮಳಿಗೆ, ಅಂಗಡಿ ಸಾಲು, ತಿಂಡಿ ಸಾಲು, ಕೊನೆಗೆ ಆಟದ ಬಯಲು. ಮಕ್ಕಳಿಗೆ ಎಕ್ಸಿಬಿಷನ್ ಅಂದರೆ ಆ ಕೊನೆಯದು ಮಾತ್ರ.

1. ದಿನ ಆರಿಸುವುದು

ದಸರೆಯ ಹತ್ತು ದಿನ ಬಿಟ್ಟುಬಿಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಐದು ವರ್ಷದೊಳಗಿನ ಮಗು ಇದ್ದರಂತೂ ಜಂಬೂ ಸವಾರಿಯ ದಿನ, ಅದರ ಹಿಂದಿನ ದಿನ ಆ ಕಡೆ ತಲೆ ಹಾಕಬೇಡಿ. ಅರಮನೆ ಸುತ್ತಲಿನ ರಸ್ತೆಗಳೆಲ್ಲ ಆಗ ಒಂದೇ ದಿಕ್ಕಿನ ಸಂಚಾರ. ಜನವೋ, ಮಗುವಿನ ಎತ್ತರದಲ್ಲಿ ನಿಂತು ನೋಡಿದರೆ ಬರೀ ಕಾಲುಗಳೇ ಕಾಣುತ್ತವೆ. ಮೇಲಾಗಿ ಶುರುವಿನ ವಾರ ಎಷ್ಟೋ ಮಳಿಗೆಗಳಲ್ಲಿ ಇನ್ನೂ ಮೊಳೆ ಹೊಡೆಯುತ್ತಿರುತ್ತಾರೆ.

ಜಂಬೂ ಸವಾರಿ ಕಳೆದು ಎರಡು ವಾರ ಆದ ಮೇಲೆ ನೋಡಿ. ಅದೇ ಮೈದಾನ, ಅದೇ ಆಟಗಳು, ಜನ ಅರ್ಧ. ಇಲ್ಲಿ ಒಂದು ಆಯ್ಕೆ ನಿಮ್ಮದು. ವಾರದ ನಡುವೆ ಹೋದರೆ ಆರಾಮ. ಭಾನುವಾರ ಹೋದರೆ ಸ್ವಲ್ಪ ಜನ ಜಾಸ್ತಿ, ಆದರೆ ಸಂಜೆ 7ಕ್ಕೆ ಅರಮನೆ ದೀಪ ಹತ್ತುತ್ತದೆ. ವರ್ಷವಿಡೀ ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳಲ್ಲಿ ಅರಮನೆಗೆ ದೀಪ ಹಾಕುತ್ತಾರೆ, ದಸರೆಯಲ್ಲಿ ದಿನಾ. ಸುಮಾರು 1 ಲಕ್ಷ ಬಲ್ಬು. ನಾವು ಭಾನುವಾರವನ್ನೇ ಆರಿಸುತ್ತೇವೆ. ಕಾರಣ ಮುಂದೆ ಹೇಳುತ್ತೇನೆ.

ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಕ್ಟೋಬರ್‌ನಲ್ಲಿ ಚಿತ್ತಾ ಮಳೆ, ಆಮೇಲೆ ಸ್ವಾತಿ ಮಳೆ, ಎರಡೂ ಸಂಜೆ ಹೊತ್ತಿಗೇ ಬಂದು ಕೂರುತ್ತವೆ. ದೊಡ್ಡಕೆರೆ ಅನ್ನುವ ಹೆಸರೇ ಹೇಳುವಂತೆ ಇದು ಒಂದು ಕಾಲದ ಕೆರೆ. ಜೋರು ಮಳೆ ಬಂದ ಮಾರನೇ ದಿನವೂ ಅಲ್ಲಲ್ಲಿ ಕೆಸರು ಇರುತ್ತದೆ. ಮಧ್ಯಾಹ್ನವೇ ಚಾಮುಂಡಿ ಬೆಟ್ಟದ ಮೇಲೆ ಮೋಡ ಕವಿದಿದ್ದರೆ ಆ ದಿನ ಬಿಟ್ಟುಬಿಡಿ, ಮೂರು ತಿಂಗಳು ಇದೆಯಲ್ಲ.

ಇನ್ನೊಂದು. ಬೆಂಗಳೂರಿನಿಂದ ಬರುವ ನೆಂಟರು ಬೆಳಿಗ್ಗೆ ಝೂ, ಸಂಜೆ ಎಕ್ಸಿಬಿಷನ್ ಅಂತ ಹೊಂದಿಸಿಕೊಂಡು ಬರುತ್ತಾರೆ. ಬೇಡ. ಝೂ ಒಂದು ಸುತ್ತು ನಡೆದ ಮಗುವಿಗೆ ಸಂಜೆ ಆಟದ ಕುದುರೆಯೂ ಬೇಡ, ನೀವೂ ಬೇಡ.

2. ವಾಪಸ್ ಹೊರಡುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಎಲ್ಲರೂ ಎಷ್ಟು ಗಂಟೆಗೆ ಹೋಗೋಣ ಅಂತ ಶುರು ಮಾಡುತ್ತಾರೆ. ಎಷ್ಟು ಗಂಟೆಗೆ ಗೇಟಿನಿಂದ ಆಚೆ ಬರಬೇಕು ಅಂತ ಶುರು ಮಾಡಿ. ನಮ್ಮ ಮಕ್ಕಳು ಮಲಗುವುದು ಒಂಬತ್ತಕ್ಕೆ. ಅಂದರೆ ಎಂಟಕ್ಕೆ ಗೇಟಿನ ಹೊರಗೆ ಇರಬೇಕು. ಪುಟ್ಟ ಮಕ್ಕಳು ಗಲಾಟೆಯಲ್ಲಿ ಖುಷಿಯಾಗಿ ಇರುವುದು ಮೂರು ಗಂಟೆ, ಅಷ್ಟೇ. ಹಾಗಾಗಿ ಒಳಗೆ ಹೋಗುವುದು ಐದಕ್ಕೆ. ಆ ಮೂರು ಗಂಟೆ ನಮ್ಮಲ್ಲಿ ಹೀಗೆ ಸಾಗುತ್ತದೆ:

ಐದರಿಂದ ಆರು: ಚಿಕ್ಕ ಮಕ್ಕಳ ಆಟಗಳು. ಬೆಳಕು ಇರುತ್ತದೆ, ಸಾಲು ಇರುವುದಿಲ್ಲ.
ಆರರಿಂದ ಆರೂ ಮುಕ್ಕಾಲು: ಸುಮ್ನೆ ಸುತ್ತಾಟ, ಕನ್ನಡಿ ಮನೆ, ಮಳಿಗೆಗಳು. ಅಷ್ಟರಲ್ಲಿ ಕತ್ತಲಾಗಿ ಲೈಟು ಹತ್ತಿರುತ್ತದೆ.
ಆರೂ ಮುಕ್ಕಾಲು: ಜೈಂಟ್ ವೀಲ್ ಸಾಲು.
ಏಳೂಕಾಲು: ತಿಂಡಿ.
ಏಳೂ ಮುಕ್ಕಾಲು: ಒಂದೇ ಒಂದು ಆಟಿಕೆ, ಗೇಟಿನ ಕಡೆ ಮುಖ.

ಅಕ್ಟೋಬರ್, ನವೆಂಬರ್‌ನಲ್ಲಿ ಮೈಸೂರಿನಲ್ಲಿ ಆರು ಗಂಟೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಬಣ್ಣದ ದೀಪ ನೋಡಲು ಎಂಟೂವರೆ ತನಕ ಕಾಯಬೇಕಾಗಿಲ್ಲ. ಇದು ನಮಗೆ ಹೊಳೆದಿದ್ದು ಎರಡನೇ ವರ್ಷ.

3. ನಿದ್ದೆ ಮತ್ತು ನಾಲ್ಕು ಗಂಟೆಯ ತಿಂಡಿ

ಮಧ್ಯಾಹ್ನ ಮಗು ಮಲಗಲೇಬೇಕು. "ಎಕ್ಸಿಬಿಷನ್‌ಗೆ ಹೋಗ್ತೀವಿ" ಅಂತ ಬೆಳಿಗ್ಗೆಯೇ ಹೇಳಿದರೆ ಯಾವ ಮಗುವೂ ಮಲಗುವುದಿಲ್ಲ. ನಾನು ಎದ್ದ ಮೇಲೆ ಹೇಳುತ್ತೇನೆ. ಮಗಳು ದೊಡ್ಡವಳು, ಗುಟ್ಟು ಕಾಯುತ್ತಾಳೆ, ಅದರಲ್ಲೂ ಅವಳಿಗೊಂದು ಹೆಮ್ಮೆ.

ನಾಲ್ಕಕ್ಕೆ ಹೊಟ್ಟೆ ತುಂಬ ಏನಾದರೂ. ಉಪ್ಪಿಟ್ಟು, ಅವಲಕ್ಕಿ, ತುಪ್ಪ ಸಕ್ಕರೆ ಸವರಿದ ಚಪಾತಿ, ಯಾವುದಾದರೂ ಆದೀತು. ಹಾಲು ಬೇಡ. ತಿರುಗುವ ಆಟಕ್ಕೂ ಹೊಟ್ಟೆಯಲ್ಲಿರುವ ಹಾಲಿಗೂ ಆಗಿಬರುವುದಿಲ್ಲ. ಹೊಟ್ಟೆ ತುಂಬಿದ ಮಗು ಒಳಗೆ ಹೋದ ಕೂಡಲೇ ತಿಂಡಿ ಅಂಗಡಿ ಮುಂದೆ ಕಾಲು ಊರಿ ನಿಲ್ಲುವುದಿಲ್ಲ. ಆಟ ಮೊದಲು, ತಿನ್ನುವುದು ಆಮೇಲೆ. ಆ ದಿನದ ಡ್ರ್ಯಾಗನ್ ರೈಲಿನಿಂದ ಕಲಿತ ಪಾಠ ಇದು.

4. ಚೀಲ

ಹೆಗಲಿಗೆ ಹಾಕುವ ಒಂದೇ ಚೀಲ, ಎರಡು ಬೇಡ. ನೀರಿನ ಬಾಟಲಿ, ಏಲಕ್ಕಿ ಬಾಳೆಹಣ್ಣು ನಾಲ್ಕು, ಮಗನಿಗೆ ಎರಡು ಚಡ್ಡಿ ಒಂದು ಪ್ಯಾಂಟು, ಮಗಳಿಗೆ ಒಂದು ಫ್ರಾಕು, ಒದ್ದೆ ಬಟ್ಟೆ ಹಾಕಲು ಪ್ಲಾಸ್ಟಿಕ್ ಕವರು, ಹಳೇ ಟವೆಲು, ಸೋಪಿನ ಚೂರು. ಸೊಳ್ಳೆ ಇರುತ್ತದೆ, ತುಂಬು ತೋಳಿನ ಬಟ್ಟೆ ಹಾಕಿ. ಡಿಸೆಂಬರ್ ಆದರೆ ಚಿಕ್ಕದಕ್ಕೆ ಕುಲಾವಿ ಬೇಕೇ ಬೇಕು. ಕುಲಾವಿಯಿಂದ ಇನ್ನೊಂದು ಉಪಯೋಗ, ಮೈಕಿನ ಅಬ್ಬರ ಕಿವಿಗೆ ಸ್ವಲ್ಪ ಕಡಿಮೆಯಾಗುತ್ತದೆ.

ಸ್ಟ್ರಾಲರ್ ತರಬೇಡಿ. ನೆಲದ ಮೇಲೆ ಕೇಬಲ್ಲು, ಕೆಸರು, ಮೆಟ್ಟಿಲು. ಒಂದು ವರ್ಷ ತಂದು, ಅದರಲ್ಲಿ ಮಗನ ಬದಲು ಚೀಲ ಕೂರಿಸಿ ಮಗನನ್ನು ಎತ್ತಿಕೊಂಡು ಓಡಾಡಿದೆವು.

ದುಡ್ಡು: 10, 20, 50ರ ನೋಟುಗಳು ಇರಲಿ. ಜನ ಜಾಸ್ತಿ ಇದ್ದಾಗ ಫೋನಿನ ನೆಟ್‌ವರ್ಕ್ ತೆವಳುತ್ತದೆ. ಸ್ಕ್ಯಾನ್ ಮಾಡಿ ಸುತ್ತುವ ಚಕ್ರವನ್ನೇ ನೋಡುತ್ತಾ ನಿಂತರೆ ಕೈ ಬಿಟ್ಟ ಮಗು ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಪ್ರವೇಶಕ್ಕೆ ಒಂದು ಟಿಕೆಟ್, ಒಳಗೆ ಒಂದೊಂದು ಆಟಕ್ಕೂ ಬೇರೆ ಬೇರೆ ಟಿಕೆಟ್ ಅನ್ನುವುದು ನೆನಪಿರಲಿ.

5. ಗೇಟಿನ ಹತ್ತಿರ ಐದು ನಿಮಿಷ

ಒಳಗೆ ಹೋಗುವ ಮುಂಚೆ ಈ ಐದು ನಿಮಿಷ ದಯವಿಟ್ಟು ಉಳಿಸಬೇಡಿ.

ಮೊದಲು, ಗಾಡಿ ನಿಲ್ಲಿಸಿದ ಜಾಗದ ಫೋಟೋ. ಆಮೇಲೆ ಮಕ್ಕಳದೊಂದು ಫೋಟೋ, ತಲೆಯಿಂದ ಚಪ್ಪಲಿ ತನಕ. ನೆನಪಿಗಾಗಿ ಅಲ್ಲ. ಮಗು ಕಣ್ಮರೆಯಾದರೆ "ಯಾವ ಬಣ್ಣದ ಶರ್ಟು?" ಅಂತ ಕೇಳಿದಾಗ ತಾಯಿಗೂ ತಲೆ ಓಡುವುದಿಲ್ಲ. ಮುಂಗೈ ಒಳಭಾಗದಲ್ಲಿ ಬಾಲ್‌ಪೆನ್ನಿನಿಂದ ನಿಮ್ಮ ಫೋನ್ ನಂಬರ್ ಬರೆಯಿರಿ. ಹೆಸರು ಬೇಡ, ನಂಬರ್ ಸಾಕು.

ಮಾತು ಬರುವ ಮಗುವಿಗೆ ಎರಡೇ ವಾಕ್ಯ ಹೇಳಿಕೊಡಿ. "ಅಮ್ಮ ಕಾಣದಿದ್ರೆ ನಿಂತಲ್ಲೇ ನಿಲ್ಲು. ಆಮೇಲೆ ಪೊಲೀಸ್ ಅಥವಾ ಅಂಗಡಿಯಲ್ಲಿರೋ ಆಂಟಿ ಹತ್ರ ಹೋಗಿ ಕೈ ತೋರಿಸು." ಮಗಳು ಮೊದಲ ಸಲ ಕೇಳಿದ್ದು, "ಅಮ್ಮಾ, ನೀನು ಕಳ್ದೋದ್ರೆ ನಾನ್ ಎಲ್ಲಿ ಹುಡುಕ್ಲಿ?" ಸರಿಯಾದ ಪ್ರಶ್ನೆ. ಅದಕ್ಕೇ ನಾವು ಎಲ್ಲರೂ ಬಂದು ಸೇರುವ ಒಂದು ಜಾಗ ಗೊತ್ತು ಮಾಡಿಕೊಂಡಿದ್ದೇವೆ. ಅತ್ತೆಗೆ ಮಂಡಿ ನೋವು, ತುಂಬ ಹೊತ್ತು ನಡೆಯಲು ಆಗುವುದಿಲ್ಲ. ಆಟದ ಬಯಲಿನ ಪಕ್ಕ ಬೆಳಕಿರುವ ಕಡೆ ಒಂದು ಕಟ್ಟೆ ನೋಡಿ ಅವರು ಕೂರುತ್ತಾರೆ. ಚೀಲವೂ ಅಲ್ಲೇ. ಅಜ್ಜಿ ಕೂತ ಕಡೆಯೇ ಮನೆ. ಯಾರು ತಪ್ಪಿಸಿಕೊಂಡರೂ ಅಲ್ಲಿಗೆ ಬರಬೇಕು.

ಮಗು ನಿಜವಾಗಿಯೂ ಕಾಣದಿದ್ದರೆ ಎಲ್ಲರೂ ಎಲ್ಲ ಕಡೆ ಓಡಬೇಡಿ. ಒಬ್ಬರು ಮಗುವನ್ನು ಕೊನೆಗೆ ಕಂಡ ಜಾಗದಲ್ಲೇ ನಿಲ್ಲಿ, ಒಬ್ಬರು ಗೇಟಿನ ಕಡೆ, ಒಬ್ಬರು ಮೈಕಿನಲ್ಲಿ ಹೇಳಿಸಲು. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098.

ಒಳಗೆ ಕಾಲಿಟ್ಟ ಮೇಲೆ ಮೊದಲು ಟಾಯ್ಲೆಟ್. ಬೇಡ ಅಂದರೂ ಕರೆದುಕೊಂಡು ಹೋಗಿ. ಐದು ಗಂಟೆಗೆ ಇದ್ದ ಹಾಗೆ ಅದು ಏಳು ಗಂಟೆಗೆ ಇರುವುದಿಲ್ಲ.

6. ಮೂರು ಹುಣಸೆ ಬೀಜ

ಸಂಜೆ ಹಾಳಾಗುವುದು "ಇನ್ನೊಂದು, ಇನ್ನೊಂದೇ ಒಂದು" ಅನ್ನುವ ಹಟದಿಂದ. ಬೈದರೆ ಅಳು, ಒಪ್ಪಿದರೆ ಜೇಬು ಖಾಲಿ. ಅತ್ತೆ ಒಂದು ಉಪಾಯ ಕಂಡುಹಿಡಿದರು. ಮನೆಯಲ್ಲಿ ಅಳುಗುಳಿ ಮಣೆಗೆ ಇಟ್ಟಿದ್ದ ಹುಣಸೆ ಬೀಜದಲ್ಲಿ ಒಬ್ಬೊಬ್ಬರಿಗೂ ಮೂರು ಮೂರು ಕೊಟ್ಟರು. ಒಂದು ಬೀಜ ಒಂದು ಆಟ. ಬೀಜ ಅಜ್ಜಿ ಕೈಗೆ ಕೊಟ್ಟರೆ ಟಿಕೆಟ್ಟಿನ ದುಡ್ಡು. ಬೀಜ ಮುಗಿದರೆ ಆಟ ಮುಗಿಯಿತು. ಅಜ್ಜಿ ಹತ್ತಿರ ಚೌಕಾಸಿ ಇಲ್ಲ.

ಇದು ಇಷ್ಟು ಚೆನ್ನಾಗಿ ನಡೆಯುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಮಗಳು ಎರಡು ಬೀಜ ಖರ್ಚು ಮಾಡಿ ಮೂರನೆಯದನ್ನು ಮುಷ್ಟಿಯಲ್ಲಿ ಹಿಡಿದು, ಪುಟ್ಟ ಕಾರು, ಬೋಟು, ಜಂಪಿಂಗ್ ಮೂರರ ಮುಂದೆಯೂ ಒಂದೊಂದು ಸಲ ನಿಂತು ನೋಡಿದಳು. ಬೆವರಿಗೆ ಬೀಜ ಒದ್ದೆಯಾಗಿ ಅಂಗೈಗೆ ಕಂದು ಬಣ್ಣ ಹತ್ತಿತ್ತು. ಕಾಲು ಗಂಟೆ ಯೋಚನೆ ಮಾಡಿ, ಮತ್ತೆ ಮೊದಲಿನ ಕುದುರೆಗೇ ಹೋದಳು. ಮೂರು ಸಲವೂ ಅದೇ ನೀಲಿ ಕುದುರೆ. ಹೊಸದು ಆಡು ಅಂತ ಒತ್ತಾಯ ಮಾಡಲು ಬಾಯಿ ತೆರೆದವಳು ಸುಮ್ಮನಾದೆ.

ಕಾಂಬೊ ಅಂತ ಐದು ಆಟದ ಟಿಕೆಟ್ ಒಟ್ಟಿಗೆ ಮಾರಲು ಬರುತ್ತಾರೆ. ಪುಟ್ಟ ಮಕ್ಕಳಿಗೆ ಅದು ನಷ್ಟ. ಮೂರನೇ ಆಟಕ್ಕೇ ಸಾಕು ಅನ್ನುತ್ತವೆ, ಉಳಿದ ಎರಡಕ್ಕೆ ನಾವು ಗದರಿಸಿ ಹತ್ತಿಸುತ್ತೇವೆ.

7. ಯಾವ ಆಟ, ಯಾವ ವಯಸ್ಸಿಗೆ

ಟಿಕೆಟ್ ತೆಗೆಯುವ ಮುಂಚೆ ಒಂದು ಸುತ್ತು ಪೂರ್ತಿ ನಿಂತು ನೋಡಿ. ನೀವು ನೋಡಬೇಕಾದ್ದು ಆಟವನ್ನಲ್ಲ, ನಡೆಸುವವನನ್ನು. ಪ್ರತಿ ಸೀಟಿನ ಹತ್ತಿರ ಹೋಗಿ ಚಿಲಕ ಎಳೆದು ನೋಡುತ್ತಾನಾ? ಪೂರ್ತಿ ನಿಲ್ಲುವ ಮುಂಚೆಯೇ ಜನರನ್ನು ಇಳಿಸುತ್ತಾನಾ? ಫೋನ್ ನೋಡುತ್ತಾ ಗುಂಡಿ ಒತ್ತುತ್ತಾನಾ? ಬೆಲ್ಟ್ ಬದಲು ಹಗ್ಗ ಕಟ್ಟಿದ್ದರೆ, ಲೋಹ ಕಿರಕಿರ ಅನ್ನುತ್ತಿದ್ದರೆ, ಟಿಕೆಟ್ ತೆಗೆದಾಗಿದ್ದರೂ ಬಿಟ್ಟು ಬನ್ನಿ. ಆ ದುಡ್ಡಿನ ಆಸೆ ಬೇಡ.

ಎರಡು ಮೂರು ವರ್ಷಕ್ಕೆ: ಸುತ್ತುವ ಕುದುರೆ, ಪಕ್ಕದಲ್ಲಿ ದೊಡ್ಡವರು ನಿಂತು ಸೊಂಟ ಹಿಡಿದುಕೊಳ್ಳಬೇಕು. ಪುಟಾಣಿ ರೈಲು. ಅಷ್ಟೇ.

ನಾಲ್ಕೈದು ವರ್ಷಕ್ಕೆ: ತಿರುಗುವ ಪುಟ್ಟ ಕಾರುಗಳು, ತೊಟ್ಟಿಯಲ್ಲಿ ತೇಲುವ ಬೋಟು, ಗಾಳಿ ತುಂಬಿದ ಜಂಪಿಂಗ್. ಈ ಜಂಪಿಂಗ್ ಬಗ್ಗೆ ಎಚ್ಚರ. ಮೆತ್ತಗಿದೆ ಅಂತ ನಾವು ನಿಶ್ಚಿಂತೆಯಾಗಿ ಇರುತ್ತೇವೆ, ಪೆಟ್ಟು ಜಾಸ್ತಿ ಆಗುವುದು ಅಲ್ಲೇ. ಹತ್ತು ವರ್ಷದ ಹುಡುಗ ಹಾರಿ ಬಿದ್ದರೆ ಪಕ್ಕದ ನಾಲ್ಕು ವರ್ಷದ ಮಗು ಮೇಲಕ್ಕೆ ಚಿಮ್ಮುತ್ತದೆ. "ಚಿಕ್ಕವರನ್ನ ಮಾತ್ರ ಬಿಡಿ ಅಣ್ಣಾ" ಅಂತ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೆ ದೊಡ್ಡವರು ಇಳಿಯುವ ತನಕ ಕಾಯಿರಿ.

ಆರು ದಾಟಿದವರಿಗೆ: ಡ್ರ್ಯಾಗನ್ ರೈಲು, ದೊಡ್ಡವರ ಜೊತೆ ಜೈಂಟ್ ವೀಲ್. ಕೊಲಂಬಸ್, ಅಂದರೆ ಉಯ್ಯಾಲೆಯಂತೆ ತೂಗುವ ದೊಡ್ಡ ಹಡಗು, ಇನ್ನೂ ಬೇಡ. ಹಟ ಮಾಡುವ ಎಂಟು ಹತ್ತು ವರ್ಷದವರಿದ್ದರೆ, ನಡುವಿನ ಸಾಲಿನಲ್ಲಿ ಕೂರಿಸಿ. ಎರಡು ತುದಿಯ ಸೀಟುಗಳೇ ಅತಿ ಎತ್ತರಕ್ಕೆ ಹೋಗುವುದು, ಹೊಟ್ಟೆಯೊಳಗೆ ಖಾಲಿ ಅನ್ನಿಸುವುದೂ ಅಲ್ಲೇ ಜಾಸ್ತಿ. ಜೋರಾಗಿ ಗಿರಗಿರ ತಿರುಗಿಸುವ ಬ್ರೇಕ್ ಡ್ಯಾನ್ಸ್, ಟೋರಾ ಟೋರಾ ಮಕ್ಕಳ ಆಟಗಳೇ ಅಲ್ಲ.

ಭೂತದ ಮನೆ ಬಗ್ಗೆ ನಮ್ಮನೆಯಲ್ಲೇ ಎರಡು ಅಭಿಪ್ರಾಯ. "ಗೊಂಬೆ ಅಷ್ಟೇ ಕಣೇ, ಹೆದರಲ್ಲ" ಅಂದರು ಇವರು. ಆಮೇಲೆ ಹದಿನೈದು ದಿನ ರಾತ್ರಿ ಬಾತ್‌ರೂಮಿಗೆ ಮಗಳ ಜೊತೆ ಎದ್ದು ಹೋದದ್ದು ನಾನು. ಗೋಡೆ ಮೇಲೆ ಬೈಕು ಓಡಿಸುವ ಮರಣಬಾವಿಗೂ ಪುಟ್ಟ ಮಕ್ಕಳು ಬೇಡ. ಹೊಗೆ, ಕಿವಿಗಡಚಿಕ್ಕುವ ಸದ್ದು, ಮೇಲೆ ನಿಂತು ನೋಡುವ ಹಲಗೆಯೂ ಅದುರುತ್ತದೆ. ಅದರ ಬದಲು ಕನ್ನಡಿ ಮನೆಗೆ ಕರೆದುಕೊಂಡು ಹೋಗಿ. ಕುಳ್ಳಗೆ, ದಪ್ಪಗೆ ಕಾಣುವ ಅಪ್ಪನನ್ನು ನೋಡಿ ನಮ್ಮ ಮಗ ನೆಲಕ್ಕೆ ಕೂತು ನಕ್ಕಿದ್ದ.

ಹೆಣ್ಣುಮಕ್ಕಳ ಉದ್ದ ಜಡೆ ಮೇಲಕ್ಕೆ ಕಟ್ಟಿ. ದುಪಟ್ಟಾ, ಸೆರಗು ಬಿಗಿಯಾಗಿ ಸಿಕ್ಕಿಸಿ. ತಿರುಗುವ ಯಂತ್ರಕ್ಕೆ ಸಿಕ್ಕಿಹಾಕಿಕೊಳ್ಳುವುದು ಮೊದಲು ಇವೇ. ಮಳೆ ಹನಿಯತೊಡಗಿದರೆ ಆಟ ನಿಲ್ಲಿಸಿ, ಕಬ್ಬಿಣದ ಬೇಲಿ ಹಿಡಿದುಕೊಂಡು ನಿಲ್ಲಬೇಡಿ. ಸುತ್ತಲೂ ಕರೆಂಟಿನ ವೈರು.

ಒಂದು ಮಾತು ಸೇರಿಸಲೇಬೇಕು. ಕಳೆದ ಸಲ ಮಗ ಎರಡನೇ ಬೀಜ ಕೊಡಲೇ ಇಲ್ಲ. ಬೊಂಬಾಯಿ ಮಿಠಾಯಿ ಮಾಡುವವನ ಮುಂದೆ ನಿಂತುಬಿಟ್ಟ. ಸಕ್ಕರೆ ಹಾಕುವುದು, ತಟ್ಟೆ ತಿರುಗುವುದು, ಗಾಳಿಯಲ್ಲಿ ಜೇಡರ ಬಲೆಯಂಥ ಎಳೆ ಕಾಣಿಸಿಕೊಳ್ಳುವುದು, ಕಡ್ಡಿ ತಿರುಗಿಸಿದಂತೆ ಅದು ದಪ್ಪಗಾಗುವುದು. ಇಪ್ಪತ್ತು ನಿಮಿಷ. ಆ ಹುಡುಗನೂ ಮಗನ ಕಡೆ ನೋಡಿ ಕಡ್ಡಿಯನ್ನು ಬೇಕೆಂದೇ ನಿಧಾನ ತಿರುಗಿಸುತ್ತಿದ್ದ. ಟಿಕೆಟ್ ಇಲ್ಲದ ಇಂಥ ಆಟಕ್ಕೂ ಹೊತ್ತು ಇಟ್ಟುಕೊಳ್ಳಿ. "ಬಾ ಬಾ, ಲೇಟ್ ಆಗುತ್ತೆ" ಅಂತ ಎಳೆಯಬೇಡಿ.

8. ಏಳು ಗಂಟೆಗೆ ಜೈಂಟ್ ವೀಲ್ ಮೇಲೆ

ಭಾನುವಾರವೇ ಹೋಗುವುದಕ್ಕೆ ಕಾರಣ ಇದು. ಅರಮನೆಯ ಮುಂಭಾಗ ಪೂರ್ವಕ್ಕೆ, ಈ ಮೈದಾನದ ಕಡೆಗೇ ಇದೆ. ಏಳಕ್ಕೆ ಸರಿಯಾಗಿ ನೀವು ಜೈಂಟ್ ವೀಲ್‌ನ ತುದಿಯಲ್ಲಿದ್ದರೆ ಇಡೀ ಅರಮನೆ ಒಂದೇ ಏಟಿಗೆ ಹೊತ್ತಿಕೊಳ್ಳುವುದು ಮೇಲಿನಿಂದ ಕಾಣುತ್ತದೆ. ಇನ್ನೊಂದು ಕಡೆ ಚಾಮುಂಡಿ ಬೆಟ್ಟದ ದೀಪಗಳು.

ಹತ್ತು ಹದಿನೈದು ನಿಮಿಷ ಮುಂಚೆ ಸಾಲಿನಲ್ಲಿ ನಿಲ್ಲಿ. ಜನ ತುಂಬಿಸುವಾಗ ಚಕ್ರ ನಿಂತು ನಿಂತು ಮೇಲೇರುತ್ತದೆ, ನಿಧಾನವಾಗಿ ನೋಡಲು ಆಗುವುದು ಆಗಲೇ. ಜೋರು ತಿರುಗಲು ಶುರುವಾದರೆ ಅರಮನೆ ಬರೀ ಹಳದಿ ಗೆರೆ. ಹತ್ತುವಾಗ "ಚಿಕ್ಕ ಮಗು ಇದೆ ಅಣ್ಣಾ, ಸ್ವಲ್ಪ ನಿಧಾನ" ಅಂತ ಒಂದು ಮಾತು ಹೇಳಿ. ಮಗುವನ್ನು ಇಬ್ಬರು ದೊಡ್ಡವರ ನಡುವೆ ಕೂರಿಸಿ, ಮಡಿಲಲ್ಲಿ ಬೇಡ. ಚಿಲಕ ಹಾಕಿದ ಮೇಲೆ ನೀವೂ ಒಂದು ಸಲ ಎಳೆದು ನೋಡಿ. ಫೋನು ಜೇಬಿನೊಳಗೇ ಇರಲಿ. ಎರಡೂ ಕೈ ಬೇಕು. ಆರು ತುಂಬದ ಮಗು ಅಜ್ಜಿ ಜೊತೆ ಕೆಳಗೇ ಇರಲಿ, ದೀಪ ಅಲ್ಲಿಂದಲೂ ಕಾಣುತ್ತದೆ.

ನಾವು ಹತ್ತಿದಾಗ ನಮ್ಮ ತೊಟ್ಟಿಲು ತುದಿಗೆ ಸ್ವಲ್ಪ ಕೆಳಗೆ ನಿಂತಿತ್ತು. ಗಾಳಿಗೆ ಸಣ್ಣಗೆ ತೂಗುತ್ತಿತ್ತು. ಮಗಳು ನನ್ನ ದುಪಟ್ಟಾದ ಚುಂಗನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು, ಮಾತಿಲ್ಲ. ಮುಂದೆ ಕತ್ತಲಲ್ಲಿ ಅರಮನೆ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಸಟ್ ಅಂತ ಹತ್ತಿತು. ಕೆಳಗಿನಿಂದ ಜನರ "ಓ" ಅನ್ನುವ ಸದ್ದು ಒಂದು ಕ್ಷಣ ತಡವಾಗಿ ಮೇಲೆ ಬಂತು. ಮಗಳು ದುಪಟ್ಟಾ ಬಾಯಿಂದ ತೆಗೆದು ಪಿಸುಗುಟ್ಟಿದಳು: "ಅಮ್ಮಾ, ಸ್ವಿಚ್ ಯಾರ ಹತ್ರ ಇದೆ?"

ಏಳಕ್ಕೆ ಸರಿಯಾಗಿ ಮೇಲಿರಲು ಆಗದಿದ್ದರೆ ಬೇಜಾರು ಬೇಡ. ಹತ್ತಿದ ದೀಪ ತಕ್ಷಣ ಆರುವುದಿಲ್ಲ, ಮುಂದಿನ ಸರದಿಯಲ್ಲಿ ನೋಡಿದರಾಯಿತು. ಆದರೆ ಇಲ್ಲಿಂದ ಓಡಿ ಅರಮನೆಯೊಳಗೂ ಹೋಗಿಬಿಡೋಣ ಅನ್ನುವ ಆಸೆ ಬೇಡ. ಅದು ಇನ್ನೊಂದು ಭಾನುವಾರಕ್ಕೆ.

9. ತಿನ್ನುವುದು

ತಿರುಗುವ ಆಟ ಎಲ್ಲ ಮುಗಿದಿದೆ. ಈಗ ತಿನ್ನಬಹುದು.

ದೆಹಲಿ ಹಪ್ಪಳ ಬಿಟ್ಟು ಎಕ್ಸಿಬಿಷನ್ ಇಲ್ಲ. ಮಗುವಿನ ಮುಖಕ್ಕಿಂತ ದೊಡ್ಡದು, ಮುಂದೆ ಹಿಡಿದರೆ ಮಗುವೇ ಕಾಣುವುದಿಲ್ಲ. ಮೇಲೆ ಉದುರಿಸುವ ಖಾರದ ಪುಡಿ ಬೇಡ ಅಂತ ಮುಂಚೆಯೇ ಹೇಳಿ. ಸುಟ್ಟ ಮುಸುಕಿನ ಜೋಳ ಮಕ್ಕಳಿಗೆ ಒಳ್ಳೆಯದು, ನಿಂಬೆಹಣ್ಣು ಉಪ್ಪು ಸಾಕು. ಚುರುಮುರಿಯನ್ನು ಖಾರ ಇಲ್ಲದೆ ಕಲಸಿಕೊಡುತ್ತಾರೆ. ಐದು ವರ್ಷದೊಳಗಿನವರಿಗೆ ಅದರೊಳಗಿನ ಕಡ್ಲೆಬೀಜ ಆರಿಸಿ ತೆಗೆಯಿರಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೆಣಸಿನಕಾಯಿ ಬಜ್ಜಿ ನಮಗೆ.

ಬಣ್ಣದ ವಿಷಯ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಪರೀಕ್ಷೆಯಲ್ಲಿ ರೋಡಮಿನ್-ಬಿ ಸಿಕ್ಕಿತ್ತು, ಅದು ಬಟ್ಟೆಗೆ ಹಾಕುವ ಬಣ್ಣ. ಬಿಳಿ ಬೊಂಬಾಯಿ ಮಿಠಾಯಿಗೆ ಅಡ್ಡಿ ಇಲ್ಲ, ಅದು ಬರೀ ಸಕ್ಕರೆ. ಗುಲಾಬಿ ಕಂಡರೆ, ಗೋಬಿ ಕಡುಕೆಂಪಗೆ ಹೊಳೆಯುತ್ತಿದ್ದರೆ ಮುಂದೆ ನಡೆಯಿರಿ. ಮಗ ಇಪ್ಪತ್ತು ನಿಮಿಷ ನೋಡಿದ್ದು ಬಿಳಿಯದು, ಕೊನೆಗೆ ಅದನ್ನೇ ಕೊಡಿಸಿದೆವು. ನಾಲ್ಕು ಸಲ ನೆಕ್ಕಿ ಅಜ್ಜಿ ಕೈಗೆ ಕೊಟ್ಟ.

ನೀರು ಮನೆಯದ್ದೇ. ಐಸ್ ಹಾಕಿದ ಶರಬತ್ತು ನಾವು ಕೊಡಿಸುವುದಿಲ್ಲ.

10. ಆಟಿಕೆ ಅಂಗಡಿ

ಬರುವಾಗ ಅಲ್ಲ, ಹೋಗುವಾಗ. ಬರುವಾಗಲೇ ಕೊಡಿಸಿದರೆ ಮೂರು ಗಂಟೆ ಅದನ್ನು ಹೊರುವುದು ನೀವು. ಒಬ್ಬರಿಗೆ ಒಂದು.

ತಲೆಗೆ ಹಾಕುವ ಮಿನುಗುವ ಕೊಂಬು, ಲೈಟ್ ಹತ್ತುವ ಬಳೆ, ಚಕ್ರ, ಇವೆಲ್ಲ ಕತ್ತಲಲ್ಲಿ ಮಕ್ಕಳನ್ನು ಸೆಳೆಯುತ್ತವೆ. ಇವುಗಳಲ್ಲಿ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತದೆ. ಅಗ್ಗದ ಆಟಿಕೆಯ ಮುಚ್ಚಳ ಉಗುರಿನಲ್ಲಿ ತೆಗೆದರೂ ಬರುತ್ತದೆ. ಮಗು ಅದನ್ನು ನುಂಗಿ ಅದು ಗಂಟಲ ಕೆಳಗೆ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಓಡಿ. ಸ್ಕ್ರೂ ಹಾಕಿ ಮುಚ್ಚಿದ್ದನ್ನು ಮಾತ್ರ ತೆಗೆದುಕೊಳ್ಳಿ. ಚಿಕ್ಕ ಮಗನಿಗೆ ನಾವು ಮರದ ತಳ್ಳುಗಾಡಿ, ಬುಗುರಿ, ಪೀಪಿ ಇಂಥದ್ದನ್ನೇ ಕೊಡಿಸುವುದು. ಪೀಪಿ ಕೊಡಿಸಿದ್ದಕ್ಕೆ ಮಾರನೇ ದಿನ ಪಶ್ಚಾತ್ತಾಪವಾಯಿತು, ಅದು ಬೇರೆ ಮಾತು.

ಗ್ಯಾಸ್ ಬಲೂನು ಮಾರುವವರ ಸಿಲಿಂಡರ್ ಹತ್ತಿರ ಮಕ್ಕಳನ್ನು ನಿಲ್ಲಿಸಿಕೊಳ್ಳಬೇಡಿ. ಎಷ್ಟೋ ಕಡೆ ಅದರಲ್ಲಿ ಹೈಡ್ರೋಜನ್ ತುಂಬಿರುತ್ತಾರೆ, ಒಂದು ಕಿಡಿ ಸಾಕು. ಬಲೂನನ್ನು ಕಾರಿನೊಳಗೂ ತರಬೇಡಿ.

11. ಹೊರಡುವುದು

ಎಂಟಾಗುವ ಮುಂಚೆ ಹತ್ತು ನಿಮಿಷ ಇರುವಾಗಲೇ ಮಕ್ಕಳಿಗೆ ಹೇಳಿ. "ಹತ್ತು ನಿಮಿಷ" ಅಂದರೆ ಅವರಿಗೆ ಅರ್ಥವಾಗುವುದಿಲ್ಲ. "ಈ ರೈಲು ಇನ್ನೆರಡು ಸುತ್ತು ಬಂದ ಮೇಲೆ ಹೊರಡೋದು" ಅಂದರೆ ಆಗುತ್ತದೆ. ಎರಡು ಸುತ್ತು ನಿಂತು ಎಣಿಸಿ, ರೈಲಿಗೆ ಟಾಟಾ ಮಾಡಿಸಿ.

ಮತ್ತೊಮ್ಮೆ ಟಾಯ್ಲೆಟ್, ಕೈಕಾಲಿಗೆ ನೀರು. ಅರಮನೆ ದೀಪ ನೋಡಲು ಬಂದವರೂ ಇದೇ ಹೊತ್ತಿಗೆ ಹೊರಗೆ ಬರುತ್ತಾರೆ. ಅದಕ್ಕೇ ದೀಪ ಆರುವ ತನಕ ಕಾಯದೆ ಸ್ವಲ್ಪ ಮುಂಚೆ ಗೇಟು ದಾಟಿದರೆ ಆಟೋ ಸಿಗುತ್ತದೆ. ಆಟೋದವರು ಬಾಯಿಗೆ ಬಂದ ರೇಟು ಹೇಳಿದರೆ ಗೇಟಿನ ಮುಂದೆ ವಾದ ಮಾಡಬೇಡಿ. ಮುಂದಿನ ಸರ್ಕಲ್ ತನಕ ಒಂದೈದು ನಿಮಿಷ ನಡೆದರೆ ಮಾತು ಇಳಿಯುತ್ತದೆ. ಕಾರಿದ್ದರೆ ಮೊದಲೇ ಸ್ವಲ್ಪ ದೂರದಲ್ಲಿ, ಮನೆ ಕಡೆಗೆ ಮುಖ ಮಾಡಿ ನಿಲ್ಲಿಸಿ. ಮೈದಾನಕ್ಕೆ ಅಂಟಿಕೊಂಡಂತೆ ನಿಲ್ಲಿಸಿದವರೇ ಕೊನೆಗೆ ಆಚೆ ಬರುವುದು.

ದಾರಿಯಲ್ಲಿ ಚಿಕ್ಕವನು ಮಲಗುತ್ತಾನೆ. ಮಲಗಲಿ. ಊಟಕ್ಕೆ ಎಬ್ಬಿಸಬೇಡಿ. ಹಪ್ಪಳ, ಜೋಳ, ಬಾಳೆಹಣ್ಣು ತಿಂದಿದ್ದಾನೆ, ಒಂದು ರಾತ್ರಿಗೆ ಏನೂ ಆಗುವುದಿಲ್ಲ. ದೊಡ್ಡವಳಿಗೆ ಬಿಸಿ ಅನ್ನ, ತಿಳಿಸಾರು ನಾಲ್ಕು ತುತ್ತು. ಅನ್ನವನ್ನು ಕುಕ್ಕರಿನಲ್ಲಿ ಮಾಡಿಟ್ಟೇ ಹೋಗಿರಬೇಕು.

ಬಟ್ಟೆ ಬಕೆಟ್ಟಿಗೆ ಹಾಕುವ ಮುಂಚೆ ಜೇಬು ನೋಡಿ. ಹುಣಸೆ ಬೀಜ ನೆನೆದರೆ ಸಿಪ್ಪೆಯ ಕಂದು ಬಣ್ಣ ಬಿಡುತ್ತದೆ. ನಮ್ಮ ಮಗನ ಬಿಳಿ ಶರ್ಟಿಗೆ ಅದರ ಗುರುತು ಇನ್ನೂ ಇದೆ. ಮಲಗಿದ ಮಗುವಿನ ಪಾದ ಒದ್ದೆ ಟವೆಲಿನಲ್ಲಿ ಒರೆಸಿ ಹೊದಿಕೆ ಹೊದಿಸಿ. ಕೈ ಮೇಲಿನ ನಂಬರನ್ನು ಉಜ್ಜಲು ಹೋಗಬೇಡಿ, ಎದ್ದುಬಿಡುತ್ತದೆ. ಬೆಳಿಗ್ಗೆ ಸ್ನಾನದಲ್ಲಿ ಹೋಗುತ್ತದೆ.